ಆನೆ ಎಷ್ಟು ಸಾಕಿದ್ದೀರಾ?

ಪೊನ್ನಂಪೇಟೆ ಕಡೆಯ ಜನವರಿ ಚಳಿ. ಬೆಳಗ್ಗೆ ಐದೂವರೆಗೆ ಕೊಟ್ಟಿಗೆಗೆ ಇಳಿಯುವವರು ಇಬ್ಬರು. ಹಾಲು ಕರೆಯುವ ನಾನು, ಕರೆಯುವುದನ್ನು ನೋಡಿಕೊಳ್ಳುವ ರೈಟರ್. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರಲ್ಲ, ನಮ್ಮ ಕಂದು ನಾಯಿ. ದಿನವಿಡೀ ಓಡಾಡುತ್ತಾನೆ, ಎಲ್ಲದಕ್ಕೂ ಮೂಗು ತೂರಿಸುತ್ತಾನೆ, ಒಂದು ಕೆಲಸವನ್ನೂ ಮುಟ್ಟುವುದಿಲ್ಲ. ಅದಕ್ಕೇ ಆ ಹೆಸರು. (ನಿಜವಾದ ರೈಟರುಗಳು ಬೇಜಾರು ಮಾಡ್ಕೋಬಾರದು.)

ಇನ್ನೊಂದು ನಾಯಿ ಕರಿಯನದು ಬೇರೆಯೇ ಕಥೆ. ಹಸು ಎದ್ದ ಜಾಗ ಬೆಚ್ಚಗಿರುತ್ತದಲ್ವಾ, ಅದು ಏಳುವುದನ್ನೇ ಕಾಯುತ್ತಾ ಕೂರುತ್ತಾನೆ. ಎದ್ದ ಕೂಡಲೇ ಅಲ್ಲಿ ಸುರುಳಿ ಸುತ್ತಿ ಮಲಗುತ್ತಾನೆ. ಗೌರಿ ತಲೆ ಬಗ್ಗಿಸಿ ಅವನ ಕಿವಿಗೆ ಬುಸ್ ಅಂತ ಉಸಿರು ಬಿಡುತ್ತಾಳೆ. ಇವನಿಗೆ ಆಗಲೇ ಗಾಢ ನಿದ್ದೆ, ಬಾಲದ ತುದಿ ಮಾತ್ರ ಎಚ್ಚರ. ಮೂರನೆಯವಳು ಜಿಮ್ಮಿ ಅಷ್ಟರಲ್ಲಿ ನನ್ನ ಒಂದು ಗಂಬೂಟು ಕಚ್ಚಿಕೊಂಡು ಕಾಫಿ ಕಣಕ್ಕೆ ಓಡಿರುತ್ತಾಳೆ. ನಾನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಸಗಣಿ.

ಇಂಥ ಹೊತ್ತಲ್ಲೇ ಮಂಕಿ ಕ್ಯಾಪ್ ಹಾಕಿಕೊಂಡು ಗಣತಿಯವರು ಬಂದರು. 2024ರ ಅಕ್ಟೋಬರ್ 25ಕ್ಕೆ ಶುರುವಾದ 21ನೇ ಜಾನುವಾರು ಗಣತಿ. ಕೋಳಿ, ಬಾತುಕೋಳಿ ಬಿಟ್ಟು 15 ಬಗೆಯ ಪ್ರಾಣಿಗಳ ಲೆಕ್ಕ. ಮೂರೂ ನಾಯಿಗಳು ಅವರನ್ನು ಜಗಲಿ ಹತ್ತಿಸಿದವು.

"ದನ ಎಷ್ಟು ಸಾರ್?"

"ಆರು."

"ನಾಯಿ?"

"ಮೂರು."

"ನಾಲ್ಕು ಕಾಣ್ತಿದೆ?"

"ಅದು ಪಕ್ಕದ ತೋಟದ್ದು. ಊಟಕ್ಕೆ ಮಾತ್ರ ಇಲ್ಲಿ."

"ಯಾಕ್?"

"ಇಲ್ಲಿ ಹಂದಿ ಮೂಳೆ ಸಿಗುತ್ತೆ, ಅದಕ್ಕೆ."

"ಅಯ್ಯೋ, ಅದಲ್ಲ. ಯಾಕ್! ಹಿಮಾಲಯದ್ದು. ಪಟ್ಟಿಯಲ್ಲಿದೆ, ಕೇಳಲೇಬೇಕು."

ಯಾಕ್ ಇಲ್ಲ, ಒಂಟೆಯೂ ಇಲ್ಲ ಅಂದೆ. ಬರೆದುಕೊಂಡರು.

"ಆನೆ?"

ನನಗೆ ಜೀವ ಬಂತು. "ಬರ್ಕೊಳ್ಳಿ, ಐದು. ಒಂದು ಮರಿ ಬೇರೆ."

"ಸಾಕಿದ ಆನೆ ಮಾತ್ರ ಸಾರ್."

"ಬಾಳೆ ನಂದು, ಹಲಸು ನಂದು, ಕುಡಿಯೋ ಕೆರೆ ನಂದು. ಬೇಲಿ ಮುರಿದ್ರೆ ಕಟ್ಟೋನು ನಾನು. ಇನ್ನು ಸಾಕೋದು ಅಂದ್ರೆ ಏನ್ರೀ?"

ಅವರು ಪಾಪ, ಫೋನ್ ನೋಡಿದರು. ಅದರಲ್ಲಿ ಇದಕ್ಕೆ ಜಾಗ ಇಲ್ಲ. ರಾತ್ರಿ ನನ್ನಲ್ಲಿ ಉಂಡು ಹಗಲು ಕಾಡಲ್ಲಿ ಮಲಗುವ ಪ್ರಾಣಿ ಸರ್ಕಾರದ್ದಂತೆ. ಲೆಕ್ಕ ಸರ್ಕಾರದ್ದು, ಊಟದ ಖರ್ಚು ನಂದು. ನನ್ನ ಆರು ದನಕ್ಕೂ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಆನೆ ಕಿವಿಯಲ್ಲಿ ಜಾಗ ಇನ್ನೂ ಜಾಸ್ತಿ, ಹಾಕೋರು ಬೇಕಷ್ಟೆ.

"ನಾಯಿಗಳು ಆನೆ ಓಡಿಸಲ್ವಾ?" ಹೊರಡುವಾಗ ಕೇಳಿದರು.

ಓಡಿಸುತ್ತವೆ. ತೋಟದೊಳಗೆ ನುಗ್ಗಿ ಬೊಗಳುತ್ತವೆ, ಆನೆ ತಿರುಗಿದರೆ ಸೀದಾ ನನ್ನ ಹತ್ತಿರ ಓಡಿ ಬರುತ್ತವೆ, ಹಿಂದೆಯೇ ಆನೆ. ನಾನು ಬಾಗಿಲು ಹಾಕುವಷ್ಟರಲ್ಲಿ ಮೂರೂ ಮಂಚದ ಕೆಳಗೆ. ಗಣತಿಯವರ ಮೇಲೆ ತೋರಿಸಿದ ಶೌರ್ಯದಲ್ಲಿ ಕಾಲು ಭಾಗ ಆಗ ಇದ್ದಿದ್ದರೆ ನನ್ನ ಬಾಳೆ ಉಳಿಯುತ್ತಿತ್ತು.

ಅವತ್ತು ರಾತ್ರಿಯೂ ಆನೆಗಳು ಬಂದವು. ಬೆಳಗ್ಗೆ ನೋಡಿದರೆ ಕೊಟ್ಟಿಗೆ ಪಕ್ಕ ಬುಟ್ಟಿಗಟ್ಟಲೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಕರಿಯ ಗೌರಿಯ ಜಾಗ ಬಿಟ್ಟು ಲದ್ದಿ ಪಕ್ಕ ಮೈ ಕಾಯಿಸುತ್ತಿದ್ದ. ರೈಟರ್ ಮಂಚದಡಿಯಿಂದ ಹೊರಬಂದು ಸುತ್ತ ಮೂರು ಸಲ ಮೂಸಿ, ಕಾಲೆತ್ತಿ ಸಹಿ ಹಾಕಿ, ಮುಂದಿನ ತಪಾಸಣೆಗೆ ಹೊರಟ.