ಕಾರಿನ ಬ್ಯಾಟರಿಗೊಂದು ಕಾವಲು ಸ್ವಿಚ್

ಕಾರಿನ ಮುಂಗಾಜಿನ ಬಳಿ ಕೂತು ರೆಕಾರ್ಡ್ ಮಾಡುವ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್, ಕಾರು ನಿಂತಿರುವಾಗಲೂ ಪಾರ್ಕಿಂಗ್ ಮೋಡ್‌ನಲ್ಲಿ ಹಗಲಿರುಳು ಚಾಲೂ ಇರಬೇಕು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಕಾರನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ಬಿಟ್ಟು ಊರಿಗೆ ಹೋಗುವವರೂ ಬಹುಪಾಲು ಅವರೇ. ಕಾಲು ಆಂಪಿಯರ್ ಎಳೆಯುವ ಒಂದು ಕ್ಯಾಮೆರಾ ದಿನಕ್ಕೆ 6 ಆಂಪಿಯರ್-ಅವರ್ ತಿನ್ನುತ್ತದೆ ಎಂದು ಲೆಕ್ಕ ಹಾಕಿದರೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ, ವಾರದೊಳಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ವೋಲ್ಟೇಜ್ ಇಳಿದಾಗ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳುವವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಎಷ್ಟು ವೋಲ್ಟಿಗೆ ಕಟ್ ಆಗುತ್ತದೆ? ಕಟ್ ಆದ ಮೇಲೆ ಮತ್ತೆ ಎಷ್ಟಕ್ಕೆ ಆನ್ ಆಗುತ್ತದೆ ಎಂದು ವಿಚಾರಿಸದೆ ತಂದ ಸ್ವಿಚ್ಚಿನಿಂದ, ನನ್ನ ಅಭಿಪ್ರಾಯದಲ್ಲಿ, ಅರ್ಧ ಕೆಲಸವೂ ಆಗುವುದಿಲ್ಲ.

ಕಾರಣ ಬ್ಯಾಟರಿಯ ಸ್ವಭಾವದಲ್ಲಿದೆ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ ಸುಮಾರು 12.1ರಿಂದ 12.2. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 13.8ರಿಂದ 14.4ರವರೆಗೆ ಏರಿಸುತ್ತದೆ. ಲೋಡ್ (ಕರೆಂಟ್ ಎಳೆಯುವ ಸಾಧನ) ಇರುವಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಲೋಡ್ ತೆಗೆದೊಡನೆ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಹಾಗಾಗಿ 12.2ಕ್ಕೆ ಕಟ್ ಆಗುವ ಸ್ವಿಚ್ 12.3ಕ್ಕೇ ಮತ್ತೆ ಆನ್ ಆಗುವಂತಿದ್ದರೆ, ಕ್ಯಾಮೆರಾ ಆರಿದ ಕೂಡಲೇ ವೋಲ್ಟೇಜ್ ಏರಿ ಅದನ್ನು ಮತ್ತೆ ಹೊತ್ತಿಸುತ್ತದೆ. ರಾತ್ರಿಯಿಡೀ ರಿಲೇ (ಕಾಯಿಲ್‌ನ ಬಲದಿಂದ ಆನ್-ಆಫ್ ಆಗುವ ಸ್ವಿಚ್) ಟಕಟಕ ಎನ್ನುತ್ತಿರುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಆಟೊಮ್ಯಾಟಿಕ್ ಮೋಟಾರ್ ನೀರು ತಳ ಕಂಡಾಗ ಶುರುವಾಗಿ, ತುಂಬಿದ ಮೇಲಷ್ಟೇ ನಿಲ್ಲುವ ಹಾಗೆ, ಇಲ್ಲಿಯೂ ಎರಡು ಗೆರೆಗಳ ನಡುವೆ ಸಾಕಷ್ಟು ಅಂತರವಿರಬೇಕು. ನಾನು ಇಟ್ಟುಕೊಂಡಿರುವುದು 12.2ಕ್ಕೆ ಆಫ್, 13.2ಕ್ಕೆ ಆನ್. ಸುಮ್ಮನೆ ನಿಂತ ಬ್ಯಾಟರಿ ತಾನಾಗಿ 13.2 ಮುಟ್ಟುವುದಿಲ್ಲವಾದ್ದರಿಂದ, ಎಂಜಿನ್ ಓಡಿ ಚಾರ್ಜ್ ಶುರುವಾಗದೆ ಕ್ಯಾಮೆರಾ ಮತ್ತೆ ಏಳುವುದಿಲ್ಲ.

ಇದನ್ನು ಕೈಯಾರೆ ಕಟ್ಟುವುದು ಕಷ್ಟವೇನಲ್ಲ. ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಎಲ್‌ಎಂ393 ಕಂಪ್ಯಾರೇಟರ್ ಚಿಪ್, ಹೋಲಿಕೆಗೆ 2.5 ವೋಲ್ಟಿನ ಸ್ಥಿರ ರೆಫರೆನ್ಸ್ ಕೊಡುವ ಟಿಎಲ್431, ನಾಲ್ಕಾರು ರೆಸಿಸ್ಟರ್‌ಗಳು, ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಊಟದ ದುಡ್ಡಿಗೆ ಸಿಗುತ್ತವೆ. ಕಂಪ್ಯಾರೇಟರ್‌ನ ಔಟ್‌ಪುಟ್‌ನಿಂದ ಅದರ ಪ್ಲಸ್ ಇನ್‌ಪುಟ್‌ಗೆ ಹಾಕುವ ರೆಸಿಸ್ಟರೇ ಮೇಲೆ ಹೇಳಿದ ಅಂತರವನ್ನು ನಿರ್ಧರಿಸುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕ್ಷಣಕಾಲ 10ಕ್ಕೋ ಅದಕ್ಕಿಂತ ಕೆಳಕ್ಕೋ ಬೀಳುವುದರಿಂದ, ಕೆಲವು ಸೆಕೆಂಡು ಕಾದು ನೋಡುವಂತೆ ಇನ್‌ಪುಟ್‌ನಲ್ಲಿ ಒಂದು ಕೆಪ್ಯಾಸಿಟರ್ ಕೂಡ ಬೇಕು.

ಹಲವರು ಎಡವುವುದು ರಿಲೇ ವಿಷಯದಲ್ಲಿ. ಕಾರುಗಳಲ್ಲಿ ಬಳಸುವ ಸಾಮಾನ್ಯ ರಿಲೇಯ ಕಾಯಿಲ್ ಆನ್ ಆಗಿರುವಷ್ಟು ಹೊತ್ತೂ ಸುಮಾರು 130 ಮಿಲಿಆಂಪಿಯರ್ ಎಳೆಯುತ್ತದೆ, ಅಂದರೆ ದಿನಕ್ಕೆ 3 ಆಂಪಿಯರ್-ಅವರ್‌ಗೂ ಹೆಚ್ಚು. ಬ್ಯಾಟರಿ ಕಾಯಲು ಇಟ್ಟ ಸಾಧನ, ಕ್ಯಾಮೆರಾ ತಿನ್ನುವುದರ ಅರ್ಧದಷ್ಟನ್ನು ತಾನೇ ತಿನ್ನುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದ್ದರಿಂದ ಡ್ಯಾಶ್‌ಕ್ಯಾಮ್‌ನಂಥ ಸಣ್ಣ ಲೋಡಿಗೆ ನನ್ನ ಆಯ್ಕೆ ಕಾಯಿಲ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್ ಆದ ಪಿ-ಚಾನೆಲ್ ಮಾಸ್‌ಫೆಟ್. ಅದರ ಗೇಟಿಗೆ, ಅಂದರೆ ಅದನ್ನು ನಿಯಂತ್ರಿಸುವ ಕಾಲಿಗೆ, ಝೀನರ್ ಡಯೋಡ್ ಮತ್ತು ಬೋರ್ಡಿಗೆ ವಿದ್ಯುತ್ ಬರುವ ಬಾಗಿಲಲ್ಲೇ ಟಿವಿಎಸ್ ಡಯೋಡ್, ಹೀಗೆ ಮಿತಿಮೀರಿದ ವೋಲ್ಟೇಜ್ ತಡೆಯುವ ಎರಡು ಭಾಗಗಳು ಇರಲೇಬೇಕು, ಏಕೆಂದರೆ ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಕಳಚಿದರೆ ಹತ್ತಾರು ವೋಲ್ಟಿನ ಆಘಾತ ಬರುತ್ತದೆ. ಅದನ್ನು ತಡೆಯಲಾರದ ಬೋರ್ಡ್ ಕಾರಿನೊಳಗೆ ಇರಕೂಡದು. ಎರಡನೇ ಬ್ಯಾಟರಿ, ಫ್ರಿಜ್, ಇನ್ವರ್ಟರ್‌ನಂಥ ದೊಡ್ಡ ಲೋಡುಗಳಿಗೆ ಮಾತ್ರ ಕೈಯಾರೆ ಕಟ್ಟುವ ಹಟ ಬಿಟ್ಟು, ವೋಲ್ಟೇಜ್ ಸೆನ್ಸಿಂಗ್ ರಿಲೇ ಎಂದೇ ಮಾರುವ ಸಿದ್ಧ ಸಾಧನವನ್ನು ಕೊಳ್ಳುವುದೇ ಕ್ಷೇಮ. ನೂರು ಆಂಪಿಯರ್ ಹರಿಯುವಲ್ಲಿ ಹವ್ಯಾಸದ ಬೆಸುಗೆಗೆ ಜಾಗವಿಲ್ಲ.

ವೋಲ್ಟೇಜನ್ನು ಎಲ್ಲಿ ಅಳೆಯುತ್ತೇವೆ ಎಂಬುದೂ ಮುಖ್ಯ. ಸಿಗರೇಟ್ ಲೈಟರ್ ಸಾಕೆಟ್‌ನಲ್ಲಿ ಸಿಗುವುದು ತಂತಿಯಲ್ಲಿ ಸೋರಿ ಉಳಿದ ವೋಲ್ಟೇಜ್. ಅಳೆಯುವ ತಂತಿ ಪ್ಲಸ್ ಟರ್ಮಿನಲ್‌ನಿಂದಲೇ, ಅದರ ಪಕ್ಕದಲ್ಲೇ ಫ್ಯೂಸ್ ಹಾಕಿಕೊಂಡು ಬರಬೇಕು. ಮೈನಸ್ ತಂತಿಯ ವಿಷಯ ಹಾಗಲ್ಲ. ಈಚಿನ ಅನೇಕ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ ಕೂತಿರುತ್ತದೆ. ನಮ್ಮ ತಂತಿಯನ್ನು ನೇರ ಟರ್ಮಿನಲ್‌ಗೇ ಕೊಟ್ಟರೆ ಆ ಕರೆಂಟ್ ಸೆನ್ಸರ್‌ನ ಲೆಕ್ಕಕ್ಕೆ ಬಾರದೆ ಬ್ಯಾಟರಿಯ ಬಗ್ಗೆ ಕಾರಿನ ಅಂದಾಜು ತಪ್ಪುತ್ತದೆ. ಮೈನಸ್ ತಂತಿಯನ್ನು ಬಾಡಿಯ ಅರ್ಥ್ ಬೋಲ್ಟಿಗೆ ಕೊಡಬೇಕು. ಇಂಥ ಕಾರುಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ಎಂಜಿನ್ ಓಡುವಾಗಲೂ ವೋಲ್ಟೇಜನ್ನು 12.5ರ ಆಸುಪಾಸಿಗೆ ಇಳಿಸುವುದುಂಟು. ಆಗ 13.2ಕ್ಕಾಗಿ ಕಾಯುವ ನನ್ನ ಸ್ವಿಚ್ ಕೂಡ ಹೊತ್ತಿಗೆ ಸರಿಯಾಗಿ ಏಳದಿರಬಹುದು. ಅಲ್ಲಿ ಆನ್ ಮಾಡುವ ಕೆಲಸವನ್ನು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಇಗ್ನಿಷನ್ ತಂತಿಗೆ ವಹಿಸಿ, ಕಡಿಯುವ ಕೆಲಸವನ್ನಷ್ಟೇ ವೋಲ್ಟೇಜಿಗೆ ಬಿಡುವುದು ಸರಿ.