ಮಿಶ್ರ ಮೂಲದ ಮಕ್ಕಳ ಹಲ್ಲು ಮತ್ತು ದವಡೆ: ಒಂದು ಸ್ಪಷ್ಟನೆ

"ತಂದೆ ತಾಯಿ ಬೇರೆ ಬೇರೆ ಜನಾಂಗದವರಾದರೆ ಮಗುವಿಗೆ ಒಬ್ಬರ ದೊಡ್ಡ ಹಲ್ಲು, ಇನ್ನೊಬ್ಬರ ಸಣ್ಣ ದವಡೆ ಬಂದು ಹಲ್ಲು ಒತ್ತೊತ್ತಾಗುತ್ತದೆ" ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಅಮೆರಿಕದ ಅಂಗರಚನಾ ವಿಜ್ಞಾನಿ ಚಾರ್ಲ್ಸ್ ಸ್ಟಾಕರ್ಡ್ ಅವರು ನಾಯಿ ತಳಿಗಳನ್ನು ಬೆರೆಸಿ ನಡೆಸಿದ, 1941ರಲ್ಲಿ ಪ್ರಕಟವಾದ ಪ್ರಯೋಗಗಳು ಈ ನಂಬಿಕೆಗೆ ಬಲ ಕೊಟ್ಟವು. ಆದರೆ ಮೂತಿ ಮೊಟಕಾದ ನಾಯಿ ತಳಿಗಳನ್ನು ಮನುಷ್ಯರೇ ಆರಿಸಿ ಬೆಳೆಸಿದ್ದು. ಅಂಥ ವಿಪರೀತ ಅಂತರ ಮನುಷ್ಯರ ನಡುವೆ ಇಲ್ಲವೇ ಇಲ್ಲ. ಹಲ್ಲಿನ ಅಳತೆಯನ್ನು ಅನೇಕ ಜೀನ್‌ಗಳು ಸೇರಿ ನಿರ್ಧರಿಸುವುದರಿಂದ ಮಿಶ್ರ ಸಮುದಾಯದ ಸರಾಸರಿ ಸಾಮಾನ್ಯವಾಗಿ ಎರಡೂ ಮೂಲಗಳ ನಡುವೆ ಬೀಳುತ್ತದೆ. ಅನೇಕ ಜನಾಂಗಗಳು ಬೆರೆತಿರುವ ಹವಾಯಿಯ ಶಾಲಾಮಕ್ಕಳ ಅಧ್ಯಯನದಲ್ಲೂ (1971) ಬೆರಕೆಯಿಂದಲೇ ವಕ್ರದಂತ ಹೆಚ್ಚಿದ್ದು ಕಂಡುಬರಲಿಲ್ಲ.

ಬೇರೆ ಬೇರೆ ಜನಾಂಗಗಳ ಹಲ್ಲಿನ ಅಳತೆ ಹೋಲಿಸುವ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಮೇಲಿನ ನಡುಬಾಚಿಹಲ್ಲು ಸುಮಾರು 8.5 ಮಿ.ಮೀ. ಅಗಲ, ಗುಂಪುಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಮಿಲಿಮೀಟರಿನೊಳಗೇ. ಅಗಲ ಅಳೆಯುವ ಉಪಕರಣ ಕ್ಯಾಲಿಪರ್ ಸ್ವಲ್ಪ ಓರೆಯಾದರೂ ಲೆಕ್ಕ ಕೆಡುತ್ತದೆ. ಪಕ್ಕದ ಹಲ್ಲಿಗೆ ಉಜ್ಜಿ ಸವೆದ ಹಲ್ಲು ಕಿರಿದಾಗಿ ಕಾಣುತ್ತದೆ. ಗಂಡಸರ ಕೋರೆಹಲ್ಲು ಸರಾಸರಿಯಲ್ಲಿ ದೊಡ್ಡದು, ಹಾಗಾಗಿ ಗಂಡು-ಹೆಣ್ಣು ಬೆರೆಸಿದ ಸರಾಸರಿ ದಾರಿ ತಪ್ಪಿಸುತ್ತದೆ.

ಹಲ್ಲು ಒತ್ತೊತ್ತಾಗಲು ಕಣ್ಣೆದುರಿನ ಕಾರಣವೇ ಬೇರೆ ಇರಬಹುದು. ಕೆಳಗಿನ ಎರಡನೇ ಹಾಲುದವಡೆಹಲ್ಲು ಸುಮಾರು 10 ಮಿ.ಮೀ. ಜಾಗ ಹಿಡಿದಿರುತ್ತದೆ. ಹುಳುಕು ಹಿಡಿದು ಅದನ್ನು ಬೇಗ ಕೀಳಿಸಿದರೆ ಅದರ ಹಿಂಬದಿಯ ಶಾಶ್ವತ ಹಲ್ಲು ಮುಂದಕ್ಕೆ ವಾಲಿ, ಹೊಸದಾಗಿ ಬರುವ ಹಲ್ಲಿಗೆ ಜಾಗ ಸಾಲದೇ ಹೋಗಬಹುದು. ಕೀಳಿಸಲೇಬೇಕಾದಾಗ ಜಾಗ ಕಾಯುವ ತಂತಿ ಹಾಕಿಸುವ ಬಗ್ಗೆ ದಂತವೈದ್ಯರನ್ನು ಕೇಳಿ.