ಮನಿಗೆಲಸದಾಕಿ ಕಟ್ಟಿದ ಮನಿ

ಹೋದ ವಾರ ಬೆಟಗೇರ್ಯಾಗ ಒಂದು ಕುಬಸಕ್ಕ ಹೋಗಿದ್ದೆ, ಊಟಕ್ಕ ಕುಂತಾಗ ಬೀಗರೊಬ್ರು "ನಿಮ್ಮತ್ತಿನ್ನ ಕಡೀಕ ಚರ್ಚಿನವರ ವೃದ್ಧಾಶ್ರಮಕ್ಕ ಹಾಕಿದ್ರಂತಲ್ಲ" ಅಂದ್ರು. ಬಾಯಾಗಿನ ತುತ್ತು ಇಳೀಲಿಲ್ಲ. ಅಷ್ಟು ಮಂದ್ಯಾಗ ಏನೂ ಅನ್ನಲಿಲ್ಲ, ಇಲ್ಲಿ ಬರೀತೀನಿ, ಉದ್ದ ಆದ್ರೂ ಓದ್ರಿ.

ನಮ್ಮ ಸೋದರತ್ತಿ ಇದ್ದದ್ದು ಬೆಂಗಳೂರು ಹೊಸೂರು ರೋಡಿನಾಗ, ಲಿಟಲ್ ಸಿಸ್ಟರ್ಸ್ ಆಫ್ ದ ಪೂವರ್ ಅನ್ನೋ ಕ್ರೈಸ್ತ ಸನ್ಯಾಸಿನಿಯರು ಬಡ ಮುದುಕರಿಗೆ ನಡಸೋ ಮನ್ಯಾಗ. 1900ರಿಂದ ನಡದೈತಿ ಅದು. ಸಂಸ್ಥಾ ಹುಟ್ಟಿದ್ದು ಫ್ರಾನ್ಸಿನಾಗ, 1839ರ ಚಳಿಗಾಲದಾಗ. ಶುರು ಮಾಡಿದಾಕಿ ಜೀನ್ ಜುಗಾನ್ ಅಂತ, ಮೀನುಗಾರನ ಮಗಳು, ಅಪ್ಪ ಸಮುದ್ರಕ್ಕ ಹೋದಾವ ತಿರುಗಿ ಬರಲಿಲ್ಲ, ಸಣ್ಣ ವಯಸ್ಸಿನಾಗ ಮಂದಿ ಮನಿ ಅಡಿಗಿ ಕೆಲಸಕ್ಕ ಹತ್ತಿದಾಕಿ. 47 ವರ್ಷ ಆಗಿತ್ತು, ಇದ್ದದ್ದು ಬಾಡಿಗಿ ಮನಿ. ಕಣ್ಣು ಕಾಣದ, ಲಕ್ವಾ ಹೊಡದ ಒಬ್ಬ ಮುದುಕಿನ್ನ ಕರಕೊಂಡು ಬಂದು ತನ್ನ ಹಾಸಿಗ್ಯಾಗ ಮಲಗಿಸಿ, ತಾ ಅಟ್ಟ ಹತ್ತಿ ಮಲಗಿದ್ಲು. ಇಡೀ ಸಂಸ್ಥಾಕ್ಕ ಆ ಒಂದು ಹಾಸಿಗಿನ ಅಡಿಪಾಯ.

ಆಮ್ಯಾಲ ಬುಟ್ಟಿ ಹಿಡಕೊಂಡು ಮನಿಮನಿ ತಿರುಗಿದ್ಲು. ಒಬ್ಬಾಂವ ಕಪಾಳಕ್ಕ ಹೊಡದಾಗ "ಇದು ನನಗಾತು, ಈಗ ನನ್ನ ಮುದುಕರಿಗೆ ಏನರ ಕೊಡ್ರಿ" ಅಂದ್ಲು ಅಂತ ಹೇಳ್ತಾರ. ಗದಗಿನವರಿಗೆ ಇದನ್ನ ಬಿಡಿಸಿ ಹೇಳೋದೇನಿಲ್ಲ, ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಕಣ್ಣಿಲ್ಲದ ಹುಡುಗರನ್ನ ಸಾಕಿದ್ದು ಕೇಳಕೋತನ ಬೆಳದವ್ರು ನಾವು. ನನಗ ಎರಡೂ ಒಂದ ಜೋಳಿಗಿ ಅನ್ನಸ್ತೈತಿ.

ಇನ್ನೊಂದು ಹೇಳಬೇಕು. 1843ರಾಗ ಒಬ್ಬ ಪಾದ್ರಿ ಆಕಿನ್ನ ಮುಖ್ಯಸ್ಥೆ ಸ್ಥಾನದಿಂದ ಸರಿಸಿ, ಮುಂದ ತಾನ ಸ್ಥಾಪಕ ಅಂತ ಹೇಳಕೊಂಡ. ಆಕಿ ಜಗಳಾಡಲಿಲ್ಲ. 1879ರಾಗ ತೀರಿಕೊಂಡಾಗ, ಇದನ್ನ ಕಟ್ಟಿದಾಕಿ ಇವಳ ಅಂತ ಅಲ್ಲಿದ್ದ ಹೊಸ ಸಿಸ್ಟರುಗಳೊಳಗ ಭಾಳ ಮಂದಿಗೆ ಗೊತ್ತಿರಲಿಲ್ಲ. ಸಂತಳು ಅಂತ ಪೋಪ್ ಸಾರಿದ್ದು 2009ರಾಗ. ಅದನ್ನ ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ, ನಮ್ಮತ್ತೀನೂ ಹಂಗ, ಮೂವತ್ತು ವರ್ಷ ಬೆಂಗಳೂರಾಗ ಬ್ಯಾರೆಯವರ ಮಕ್ಕಳಿಗೆ ಉಣಿಸಿ ಬೆಳಸಿದ್ಲು, ಆ ಮಕ್ಕಳ ಮದುವಿ ಫೋಟೋದಾಗ ಆಕಿ ಎಲ್ಲೂ ಇಲ್ಲ.

ವೃದ್ಧಾಶ್ರಮ ಅಂದಕೂಡ್ಲೆ ಮಕ್ಕಳಿಗೆ ಬೈಯೋ ಪೋಸ್ಟು ದಿನಾ ನೋಡ್ತೀನಿ. ನಮ್ಮತ್ತಿಗೆ ಮಕ್ಕಳ ಇರಲಿಲ್ಲ, ಬೈಯೋದು ಯಾರಿಗ್ರಿ? ಈ ಮನಿ ಹುಟ್ಟಿದ್ದು ಮಕ್ಕಳು ಕೆಟ್ಟರು ಅಂತಲ್ಲ, ದುಡದು ದುಡದು ಕೈ ಸೋತವರಿಗೆ ಒಂದು ಹಾಸಿಗಿ ಬೇಕು ಅಂತ. ಮೊದಲು ಇಲ್ಲೇ ಒಂದು ಕಡೆ ಕೇಳಿದ್ವಿ, ಡೆಪಾಸಿಟ್ಟು ಒಂದೂವರಿ ಲಕ್ಷ ಅಂದ್ರು, ಆಕಿ ಪಾಸ್‌ಬುಕ್ಕಿನಾಗ ಹನ್ನೊಂದು ಸಾವಿರ ಇತ್ತು. ಈ ಸಿಸ್ಟರುಗಳು ಪಾಸ್‌ಬುಕ್ಕೂ ಕೇಳಲಿಲ್ಲ, ಜಾತೀನೂ ಕೇಳಲಿಲ್ಲ. ಖಾಯಂ ಆದಾಯ ಬರೋವಂಥ ದತ್ತಿ ತಗೋಬಾರದು, ಆಯಾ ದಿನ ಜನ ಕೊಟ್ಟದ್ದರಾಗ ನಡೀಬೇಕು ಅಂತ 1865ರಾಗ ಮಾಡಿದ ನಿರ್ಧಾರ ಐತಿ ಅವರದು.

ನಮ್ಮನಿಗೆ ಬಾ ಅಂತ ನಾ ಕರೀಲಿಲ್ಲ ಅಂದ್ಕೋಬ್ಯಾಡ್ರಿ. ಮೂರು ಸಲ ಹೋಗಿ ಕರದೆ. ಅತ್ತಿ ಸೆರಗಿನಾಗ ಕೈ ಒರಸಿಕೋತ, ಆ ಕೈಮ್ಯಾಲ ಒಗ್ಗರಣಿ ಸಿಡದ ಕಲಿ ಇನ್ನೂ ಇದ್ದೂ, "ಬ್ಯಾಡೋ ಮಗನ, ನಿಮ್ಮನ್ಯಾಗ ನಾ ಅಡಿಗಿಮನಿಗೆ ಹೋಗದ ಇರಾಕ ಆಗಂಗಿಲ್ಲ. ಇಲ್ಲಿ ಯಾರೋ ನನಗ ತಾಟು ತಂದು ಕೊಡ್ತಾರ" ಅಂದ್ಲು.